ಅಂಗೈಗೆ ಹಚ್ಚಿದ ಗಂಜಿ

ನಮ್ಮೂರಿನಲ್ಲಿ ತಾಯಂದಿರು ಮಕ್ಕಳನ್ನು ಕೈ ಹಿಡಿದು ನಡೆಸುವುದಿಲ್ಲ, ಮಣಿಕಟ್ಟು ಹಿಡಿದು ನಡೆಸುತ್ತಾರೆ. ಅಂಗೈಗೆ ಅಂಗೈ ಕೂಡಿದರೆ ದಣಿವು ದಾಟಿಬಿಡುತ್ತದೆ. ನೀರು ತಗ್ಗಿಗೆ ಹರಿದ ಹಾಗೆ, ಹೆಚ್ಚು ದಣಿದವರಿಂದ ಕಡಿಮೆ ದಣಿದವರ ಕಡೆಗೆ, ಇಬ್ಬರಲ್ಲೂ ಸಮವಾಗುವವರೆಗೆ. ಮಕ್ಕಳ ಮೈ ಹಗುರ, ಹಾಗಾಗಿ ದೊಡ್ಡವರ ದಣಿವು ಯಾವಾಗಲೂ ಅವರ ಕಡೆಗೇ ಹೊರಟು ನಿಂತಿರುತ್ತದೆ. ಮದುವೆಗೆ ಮುಂಚೆ ಗಂಡು ಹೆಣ್ಣು ಇಬ್ಬರನ್ನೂ ಒಂದಿಡೀ ದಿನ ಮಲಗಿಸಿ ಆಮೇಲೆ ಕೈ ಕೂಡಿಸುತ್ತಾರೆ. ದಾರಿಯಲ್ಲಿ ಯಾರಾದರೂ ಎದುರಾದರೆ ನಮ್ಮ ಅಂಗೈಗಳನ್ನು ನಾವೇ ಜೋಡಿಸಿ ನಮಸ್ಕಾರ ಹೇಳಿ ಸರಿದುಬಿಡುತ್ತೇವೆ, ನಮ್ಮದು ನಮ್ಮಲ್ಲೇ ಉಳಿಯುತ್ತದೆ. ಹೊರಗಿನಿಂದ ಬಂದವರು ನಮ್ಮನ್ನು ಬಹಳ ವಿನಯದ ಜನ ಅಂದುಕೊಂಡು ಹೋಗುತ್ತಾರೆ.

ನಾನು ಕೆಲಸ ಮಾಡುವುದು ಕಾಲುವೆ ದಂಡೆಯ ಬಟ್ಟೆಮನೆಯಲ್ಲಿ. ಊರಿನ ಆಸ್ಪತ್ರೆಯ ಬೆಡ್‌ಶೀಟು, ದಿಂಬಿನ ಚೀಲ, ಪರದೆ ಎಲ್ಲ ಅಲ್ಲಿಗೆ ಗಾಡಿಯಲ್ಲಿ ಬರುತ್ತವೆ. ನಾವು ಹೆಂಗಸರು, ಆಗ ಹನ್ನೊಂದು ಜನ, ಅವನ್ನು ಹಂಡೆಯಲ್ಲಿ ಕುದಿಸಿ, ಒಗೆದು, ಹಿಂಡಿ, ಗಂಜಿ ಹಾಕಿ, ತಾರಸಿಯ ಮೇಲೆ ಒಣಹಾಕಿ, ಇಸ್ತ್ರಿ ಮಾಡಿ, ಮಡಚಿ ಕಳಿಸುತ್ತೇವೆ. ಹೊಸಬರು ಬಂದರೆ ನಾವು ಮೊದಲು ಕಲಿಸುವುದು ಒಗೆಯುವುದನ್ನಲ್ಲ, ಮಡಚುವುದನ್ನು. ಬೆಡ್‌ಶೀಟು ಮಡಚುವಾಗ ಇಬ್ಬರು ಎದುರುಬದುರು ನಿಂತು, ನಡೆದು ಬಂದು, ತುದಿಗೆ ತುದಿ ಸೇರಿಸಬೇಕಲ್ಲ? ಆಗ ತುದಿಯನ್ನು ಎರಡೇ ಬೆರಳಲ್ಲಿ ಚಿವುಟಿ ಹಿಡಿದು ದಾಟಿಸಬೇಕು. ಅಂಗೈ ತಗಲಿದರೆ ಜಗಳ.

ಜಗಳಗಳೇನೂ ಕಡಿಮೆ ಇರಲಿಲ್ಲ. ಆಗ ಗುರುಸಿದ್ದಪ್ಪನವರು ಅಂತ ಒಬ್ಬರು ಮೇಸ್ತ್ರಿ ಇದ್ದರು. ಕೆಟ್ಟವರೇನಲ್ಲ, ಬೈದವರಲ್ಲ, ಹೊಡೆದವರಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಎರಡೂ ಕೈ ಕೋಟಿನ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು, ಅಷ್ಟೇ. ಯಾರಾದರೂ ಸುಸ್ತು ಅಂದರೆ, "ಸುಸ್ತು ನಿಮ್ಮ ಸ್ವಂತದ್ದು ಕಣ್ರಮ್ಮ, ಬಟ್ಟೆ ಮಾತ್ರ ನಂದು" ಅನ್ನುತ್ತಿದ್ದರು. ನಾವೂ ಹಾಗೇ ಇದ್ದೆವು. ಅವರು ನೋಡುತ್ತಿದ್ದರೆ ಬಟ್ಟೆ ಅರ್ಧ ಗಂಟೆ ಕುದಿಯುತ್ತಿತ್ತು, ಅವರು ಆ ಕಡೆ ತಿರುಗಿದರೆ ಹತ್ತು ನಿಮಿಷ. ಕಲೆ ಹೋಗದಿದ್ದರೆ ಕಲೆ ಒಳಗೆ ಬರುವ ಹಾಗೆ ಮಡಚುತ್ತಿದ್ದೆವು. ಇನ್ನೊಂದು ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ನೀರು ಕೊಡುವ ನೆಪದಲ್ಲಿ, ಬಳೆ ನೋಡುವ ನೆಪದಲ್ಲಿ ಒಬ್ಬರ ಅಂಗೈಗೆ ಇನ್ನೊಬ್ಬರು ಅಂಗೈ ಒತ್ತಿ ದಣಿವು ದಾಟಿಸಿಬಿಡುತ್ತಿದ್ದೆವು. ಶಾರದಿ ಅಂತ ಒಬ್ಬ ಹುಡುಗಿ ಹೊಸದಾಗಿ ಸೇರಿದ ವಾರ, ನಾನೇ ಅವಳ ಕೈ ಹಿಡಿದು "ಎಷ್ಟು ಮೆತ್ತಗಿದೆ ನಿನ್ನ ಕೈ" ಅಂದಿದ್ದೆ. ಪಾಪ, ಅವಳು ನಕ್ಕಿದ್ದಳು. ಆ ಮಧ್ಯಾಹ್ನವೆಲ್ಲ ಅವಳು ಹಂಡೆಯ ಪಕ್ಕ ಕೂತಲ್ಲೇ ತೂಕಡಿಸಿದಳು.

ನನಗೂ ಒಂದು ನೆಪ ಇತ್ತು. ಆಗ ನನ್ನ ಮಗಳು ಸೇವಂತಿಗೆ ಆರು ತುಂಬಿತ್ತು. ನಮ್ಮ ಯಜಮಾನರು ದೋಣಿಯಲ್ಲಿ ದುಡಿಯುವವರು, ಹೋದರೆ ಮೂರು ವಾರ ಬರುವುದಿಲ್ಲ. ಮನೆಯಲ್ಲಿ ನಾವಿಬ್ಬರೇ. ಕೆಲಸದಿಂದ ಬಂದ ಮೇಲೆ ಅವಳಿಗೆ ತಲೆ ಬಾಚುವಾಗ, ತುತ್ತು ಕೊಡುವಾಗ ಅಂಗೈ ತಗಲೀತು ಅಂತ ನನಗೆ ಯಾವಾಗಲೂ ಹೆದರಿಕೆ. ಅದಕ್ಕೆ ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದೆ. ಭಾನುವಾರ ಮಾತ್ರ ಮಧ್ಯಾಹ್ನದವರೆಗೆ ಮಲಗಿ ಎದ್ದು ಬಟ್ಟೆ ಬಿಚ್ಚಿ ಅವಳ ಕೈ ಹಿಡಿಯುತ್ತಿದ್ದೆ. ಕೈ ಹಿಡಿದು ಸುಮ್ಮನೆ ಕಾಲುವೆಯವರೆಗೆ ಹೋಗಿ ಬರುತ್ತಿದ್ದೆವು.

ಹಿಂದಿನ ವರ್ಷ ಪಕ್ಕದ ಬೀದಿಯ ಒಂದು ಮಗುವಿಗೆ ಅಜ್ಜನ ದಣಿವು ದಾಟಿತ್ತು. ಎಂಟು ದಿನ ಏಳಲಿಲ್ಲ. ಎದ್ದಿತು, ಊಟವನ್ನೂ ಮಾಡಿತು, ಆದರೆ ಆಮೇಲೆ ಓಡಲಿಲ್ಲ. ಈಗಲೂ ಓಡುವುದಿಲ್ಲ. ಬೇರೆ ಮಕ್ಕಳು ಓಡುವುದನ್ನು ಕಟ್ಟೆಯ ಮೇಲೆ ಕೂತು ನೋಡುತ್ತದೆ, ಪಿಂಚಣಿ ತೆಗೆದುಕೊಂಡವರ ಹಾಗೆ.

ಗುರುಸಿದ್ದಪ್ಪನವರು ಬಿಟ್ಟು ಹೋದ ಮೇಲೆ ತುಳಸಕ್ಕ ಮೇಸ್ತ್ರಿಯಾಗಿ ಬಂದಳು. ಐವತ್ತು ದಾಟಿದ ದಪ್ಪ ಹೆಂಗಸು, ಹಿಂದೆ ಆಸ್ಪತ್ರೆಯ ಅಡುಗೆಮನೆ ನೋಡಿಕೊಳ್ಳುತ್ತಿದ್ದವಳು. ಮೊದಲ ದಿನ ಏನೂ ಹೇಳಲಿಲ್ಲ, ನಮ್ಮ ಜೊತೆಯಲ್ಲೇ ನಿಂತು ಹಿಂಡಿದಳು. ಸಂಜೆ ಗಂಟೆ ಹೊಡೆದಾಗ ಬಾಗಿಲ ಬಳಿ ಒಂದು ಮರದ ತೊಟ್ಟಿ ಕವುಚಿ ಹಾಕಿ, ಅದರ ಮೇಲೆ ಕೂತು, ಎರಡೂ ಅಂಗೈ ಮೇಲೆ ಮಾಡಿ ಮಂಡಿಯ ಮೇಲೆ ಇಟ್ಟುಕೊಂಡಳು.

ನಮ್ಮಲ್ಲಿ ಹಿರಿಯಳು ಹೊಂಬಾಳಮ್ಮ. ಬಾಯಿ ಜೋರು. ಅವಳು ನಿಂತು ನೋಡಿ, "ಏನು ತಾಯಿ, ಮೊದಲನೇ ದಿನಾನೇ ಭಿಕ್ಷೆಗೆ ಕೂತ್ಬಿಟ್ಟೆ?" ಅಂದಳು.

"ಹೂಂ ಕಣವ್ವ. ಏನಾದ್ರೂ ಹಾಕಿ ಹೋಗು."

"ನನ್ನ ಹತ್ರ ಏನಿದೆ ಹಾಕೋಕೆ? ಸೊಂಟ ನೋವಿದೆ."

"ನೋವು ನೀನೇ ಇಟ್ಕೊ. ದಣಿವು ಕೊಡು. ನಾನು ಹೇಳಿದ ಕೆಲಸ ಮಾಡಿ ಆಗಿದ್ದು ತಾನೇ? ಅದ್ರಲ್ಲಿ ಅರ್ಧ ನಂದು."

ಯಾರೂ ಕೊಡಲಿಲ್ಲ. ಇದರಲ್ಲೇನೋ ಮೋಸ ಇದೆ ಅಂತಲೇ ಎಲ್ಲರೂ ತಿಳಿದೆವು. ಮೂರನೆಯ ದಿನ ಶಾರದಿ, ಬಸ್ಸಿಗೆ ಹೊತ್ತಾಗಿದ್ದಕ್ಕೋ ಏನೋ, ಕೈ ಇಟ್ಟಳು. ತುಳಸಕ್ಕ ಕಣ್ಣು ಮುಚ್ಚಿ, "ಎಡಗಡೆ ಭುಜ. ನೀನು ಎಡಗೈಯಲ್ಲಿ ಹಿಂಡ್ತೀಯ, ನಿನ್ನ ಜೋಡಿ ಬಲಗೈಯಲ್ಲಿ ಹಿಂಡ್ತಾಳೆ. ನಾಳೆಯಿಂದ ನೀನು ಇಸ್ತ್ರಿಗೆ ಹೋಗು" ಅಂದಳು. ಶಾರದಿ ಬಾಗಿಲು ದಾಟಿ ಹೋಗುವಾಗ ಎರಡು ಸಲ ಹಿಂತಿರುಗಿ ನೋಡಿದಳು. ಅವಳ ನಡಿಗೆ ನೋಡಿಯೇ ನಮಗೆಲ್ಲ ಗೊತ್ತಾಯಿತು. ಮರುದಿನ ಸಾಲು ನಿಂತಿತು.

ಹನ್ನೊಂದು ಜನರದ್ದು ಒಬ್ಬಳು ತೆಗೆದುಕೊಳ್ಳುವುದೆಂದರೆ ಸುಮ್ಮನೆ ಅಲ್ಲ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಅವಳೇ ತುಂಬಿಹೋಗಿರುತ್ತಿದ್ದಳು. ಇನ್ನು ಕೈ ಇಟ್ಟರೆ ಅವಳಿಂದಲೇ ಹರಿದು ಬಂದೀತು ಅನ್ನುವಾಗ ಕೈ ಎಳೆದುಕೊಂಡು, "ನಿಂದು ಇವತ್ತು ಬೇಡ, ನಾಳೆ ಮೊದಲು ನೀನೇ" ಅನ್ನುತ್ತಿದ್ದಳು. ಮಾತು ತಪ್ಪುತ್ತಿರಲಿಲ್ಲ. ಕೈ ಇಟ್ಟರೆ ಯಾವುದು ಕೆಲಸದ ದಣಿವು, ಯಾವುದು ಮನೆಯದು ಅಂತ ಹೇಳುತ್ತಿದ್ದಳು. ಒಮ್ಮೆ ಹೊಂಬಾಳಮ್ಮನ ಕೈ ಹಿಡಿದು, "ಇದು ಇಲ್ಲಿದ್ದಲ್ಲ. ಮಗ ಮತ್ತೆ ಮಾತು ಬಿಟ್ಟಿದಾನಾ?" ಅಂದಾಗ, ಅಂಥ ಬಾಯಿಯ ಹೊಂಬಾಳಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅದನ್ನೂ ತುಳಸಕ್ಕ ತೆಗೆದುಕೊಂಡಳು.

ಹಿಂಡುವ ದಣಿವೇ ಎಲ್ಲಕ್ಕಿಂತ ಹೆಚ್ಚು ಅಂತ ಅವಳಿಗೆ ಕೈಯಿಂದಲೇ ಗೊತ್ತಾಯಿತು. ಒಂದು ಸಂಜೆ ಸಾಲು ಮುಗಿದ ಕೂಡಲೇ ನೆಟ್ಟಗೆ ಬಟ್ಟೆಮನೆಯ ಒಡೆಯರಾದ ಸಾಹುಕಾರರ ಮನೆಗೆ ಹೋದಳು. ಅವರು ಜಗಲಿಯಲ್ಲಿ ಕೂತಿದ್ದರಂತೆ. ಹಿಂಡುವ ಯಂತ್ರ ಬೇಕು ಅಂದಳು. ನೋಡೋಣ ಅಂದರು. "ನೋಡೋದು ಬೇಡ ಬುದ್ಧಿ, ಒಂದು ಸಲ ಕೈ ಕೊಡಿ" ಅಂತ ಅವರ ಅಂಗೈಗೆ ಅಂಗೈ ಇಟ್ಟುಬಿಟ್ಟಳು. ಸಾಹುಕಾರರು ಎದ್ದು ಒಳಗೆ ಹೋಗಲಾರದೆ ಅಲ್ಲೇ ಜಗಲಿಯಲ್ಲೇ ಗೊರಕೆ ಹೊಡೆದರು. ಮುಂದಿನ ವಾರ ಎರಡು ಉರುಳೆಯ ಯಂತ್ರ ಗಾಡಿಯಲ್ಲಿ ಬಂದು ಇಳಿಯಿತು.

ನಾವು ಯಾವಾಗ ಬದಲಾದೆವು ಅಂತ ಹೇಳಲಾರೆ. ಯಾರೂ ಹೇಳಿಕೊಡಲಿಲ್ಲ. ಒಂದು ದಿನ ನೋಡಿದರೆ ಶಾರದಿ ಮಡಚಿಟ್ಟ ಬೆಡ್‌ಶೀಟನ್ನು ಮತ್ತೆ ಬಿಚ್ಚಿ, ಒಳಗಿನ ಕಲೆ ನೋಡಿ, ಬಯ್ದುಕೊಳ್ಳುತ್ತಾ ಹಂಡೆಗೆ ಹಾಕುತ್ತಿದ್ದಳು. ಬಟ್ಟೆ ಅರ್ಧ ಗಂಟೆ ಪೂರಾ ಕುದಿಯತೊಡಗಿತು, ತುಳಸಕ್ಕ ಊರಲ್ಲಿಲ್ಲದ ದಿನವೂ. ಅರ್ಧಂಬರ್ಧ ಕೆಲಸ ಮಾಡಿ ಅವಳ ಕೈಗೆ ಕೈ ಇಡಲು ಮನಸ್ಸು ಬರುತ್ತಿರಲಿಲ್ಲ. ಒಬ್ಬರಿಗೊಬ್ಬರು ದಾಟಿಸುವುದೂ ನಿಂತಿತು. ನಾನು ಶಾರದಿಗೆ ಆ ಹಳೆಯ ವಿಷಯ ಹೇಳಿಬಿಟ್ಟೆ. "ಗೊತ್ತಿತ್ತು ಬಿಡಕ್ಕ. ಮೆತ್ತಗಿದೆ ಅಂದ್ರಲ್ಲ, ಅದೊಂದಾದ್ರೂ ನಿಜವಾ?" ಅಂತ ಕೇಳಿದಳು.

ಮೊದಲ ಸಲ ವಾರದ ನಡುವೆ ನಾನು ಬಟ್ಟೆ ಸುತ್ತದ ಕೈ ಚಾಚಿದ ದಿನ, ಸೇವಂತಿ ಅದನ್ನು ಹಿಡಿಯಲಿಲ್ಲ. ನನ್ನ ಮುಖ ನೋಡಿದಳು, ಕೈ ನೋಡಿದಳು. "ಅಮ್ಮ, ಇವತ್ತು ಭಾನುವಾರವಾ?" ಅಂದಳು.

ಆಮೇಲೆ ಅವಳಿಗೆ ತುಳಸಕ್ಕನ ಕಥೆಯೇ ಕಥೆ. ಊಟಕ್ಕೆ ತುಳಸಕ್ಕ, ಜಡೆಗೆ ತುಳಸಕ್ಕ. ಒಂದು ದಿನ ಬಕೆಟ್ಟು ಕವುಚಿ ಹಾಕಿ, ಅದರ ಮೇಲೆ ಕೂತು, ಅಂಗೈ ಮೇಲೆ ಮಾಡಿ, ಗೊಂಬೆ, ಚೊಂಬು, ನನ್ನ ಚಪ್ಪಲಿ ಎಲ್ಲವನ್ನೂ ಸಾಲಾಗಿ ನಿಲ್ಲಿಸಿಕೊಂಡಿದ್ದಳು. "ನೂಕಬೇಡ್ರೇ, ಎಲ್ಲರದ್ದೂ ತಗೊಳ್ತೀನಿ" ಅಂತ ಚಪ್ಪಲಿಗೆ ಗದರುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನಗು ತಡೆಯಲಾರದೆ ಸೆರಗು ಕಚ್ಚಿಕೊಂಡಿದ್ದೆ.

ಇಷ್ಟು ಬರೆಯುವಷ್ಟರಲ್ಲಿ ಬೇಳೆ ಉಕ್ಕಿತು. ಒರೆಸಿ ಬಂದೆ.

ಎರಡು ವರ್ಷ ಹೀಗೆ ಹೋಯಿತು. ತುಳಸಕ್ಕ ಬಾಗಿಲ ಮೂರು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದನ್ನು ಮೊದಲು ನೋಡಿದವಳು ಹೊಂಬಾಳಮ್ಮ. ಕೇಳಿದರೆ "ಮಂಡಿ ನೋವು ಕಣೆ" ಅನ್ನುತ್ತಿದ್ದಳು. ಮಧ್ಯಾಹ್ನ ಮಾತಾಡುತ್ತಾ ಮಾತಾಡುತ್ತಾ ನಿದ್ದೆ ಹೋಗುತ್ತಿದ್ದಳು. ಎಚ್ಚರವಾದರೆ "ಲೆಕ್ಕ ಹಾಕ್ತಿದ್ದೆ" ಅನ್ನುತ್ತಿದ್ದಳು. ಮುಖ ಒಗೆದೊಗೆದು ಬಿಳುಚಿದ ಬಟ್ಟೆಯಂತಾಗಿತ್ತು. ಮನೆಯಲ್ಲಿ ಅವಳಿಗೆ ಯಾರೂ ಇರಲಿಲ್ಲ. ನಮ್ಮ ಹನ್ನೊಂದು ಜನರ ದಣಿವು ಹೊತ್ತುಕೊಂಡು ಹೋಗಿ ಅವಳು ಎಲ್ಲಿ ಇಳಿಸುತ್ತಿದ್ದಳು ಅಂತ ನಾವು ಯಾರೂ ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಒಂದು ಸಂಜೆ ಹೊಂಬಾಳಮ್ಮ ಗಂಜಿ ತೊಟ್ಟಿಯಿಂದ ನೇರವಾಗಿ ಎದ್ದು ಬಂದು, ಕೈ ತೊಳೆಯದೆ ಸಾಲಿನಲ್ಲಿ ನಿಂತಿದ್ದಳು. ಗಂಜಿ ಅಂಗೈ ಮೇಲೆ ತೆಳ್ಳಗೆ ಒಣಗಿತ್ತು. ತುಳಸಕ್ಕ ಕೈ ಹಿಡಿದು, "ಇವತ್ತು ನಿನಗೆ ಏನೂ ಆಗೇ ಇಲ್ವಲ್ಲೇ!" ಅಂದಳು. ಎಷ್ಟು ಸಂತೋಷದಿಂದ ಅಂದಳು ಅಂದರೆ, ಹೊಂಬಾಳಮ್ಮ ಸುಮ್ಮನೆ ತಲೆಯಾಡಿಸಿ ಬಂದಳು. ಮರುದಿನ ನಲ್ಲಿಯ ಹತ್ತಿರ ನಮ್ಮೆಲ್ಲರನ್ನೂ ಸೇರಿಸಿ, "ನೋಡ್ರೇ, ಅವಳು ಸಾಯ್ತಾಳೆ ಹೀಗೇ ಆದ್ರೆ. ಒಣಗಿದ ಗಂಜಿ ದಾಟಿ ದಣಿವು ಹೋಗಲ್ಲ, ಅದನ್ನ ಹಚ್ಕೊಳ್ಳಿ. ಒಂದು ಕಿರುಬೆರಳಿನ ಬುಡ ಬಿಡಿ, ಅಲ್ಲಿಂದ ಸ್ವಲ್ಪ ಹೋಗ್ಲಿ, ಇಲ್ದಿದ್ರೆ ಅನುಮಾನ ಬರತ್ತೆ. ಮಿಕ್ಕಿದ್ದು ನಮ್ಮ ಹತ್ರಾನೇ ಇರ್ಲಿ. ಮುಂಚೆ ಇರ್ಲಿಲ್ವಾ ಏನು?" ಅಂದಳು.

ಯಾರೂ ಬೇಡ ಅನ್ನಲಿಲ್ಲ. ನಾವೆಲ್ಲ ಎಷ್ಟು ಉಲ್ಲಾಸದಲ್ಲಿದ್ದೆವು ಅಂದರೆ, ಹಬ್ಬಕ್ಕೆ ಮದರಂಗಿ ಹಚ್ಚಿಕೊಳ್ಳುವವರ ಹಾಗೆ ಗಂಟೆ ಹೊಡೆಯುವ ಮೊದಲು ಒಬ್ಬರ ಕೈಗೆ ಒಬ್ಬರು ಗಂಜಿ ಸವರಿ, ಇಸ್ತ್ರಿ ಪೆಟ್ಟಿಗೆಯ ಬಿಸಿಗೆ ಹಿಡಿದು ಒಣಗಿಸಿಕೊಳ್ಳುತ್ತಿದ್ದೆವು. ಹದಿನೈದು ದಿನದಲ್ಲಿ ತುಳಸಕ್ಕನ ಮುಖಕ್ಕೆ ಬಣ್ಣ ಬಂತು. ಗೋಡೆ ಹಿಡಿಯದೆ ಮೆಟ್ಟಿಲು ಹತ್ತಿದಳು. ನಾವು ಒಬ್ಬರನ್ನೊಬ್ಬರು ನೋಡಿ ಕಣ್ಣು ಮಿಟುಕಿಸಿದೆವು.

ಅದೇ ಹೊತ್ತಿಗೆ ಆಸ್ಪತ್ರೆಗೆ ಹೊಸ ಕಟ್ಟಡ ಬಂತು. ಅದರ ಬಟ್ಟೆಯನ್ನೂ ಒಗೆದುಕೊಡುತ್ತೀರಾ ಅಂತ ಕೇಳಿದರು. ಸಾಹುಕಾರರು ತುಳಸಕ್ಕನನ್ನು ಕೇಳಿದರು. "ಒಂದು ವಾರ ಕೊಡಿ, ಕೈಗಳನ್ನ ಕೇಳಿ ಹೇಳ್ತೀನಿ" ಅಂದಳಂತೆ. ಒಂದು ವಾರ ನಮ್ಮ ಕೈಗಳನ್ನು ಕೇಳಿದಳು. ಗಂಜಿ ಹಚ್ಚಿದ ಕೈಗಳು ಏನು ಹೇಳಿಯಾವು? ಕಡಲೆಕಾಳಿನಷ್ಟು ದಣಿವು ಹೇಳಿದವು. ಅವಳು ಒಪ್ಪಿಕೊಂಡಳು.

ಬಟ್ಟೆ ಒಂದೂವರೆ ಪಟ್ಟು ಆಯಿತು. ಆಗಲಾದರೂ ನಾವು ಹೇಳಬಹುದಿತ್ತು. ಹೇಳಲಿಲ್ಲ. ಈಗ ಹೇಳಿದರೆ ಗಂಜಿಯ ವಿಷಯ ಹೊರಗೆ ಬರುತ್ತದೆ, ಅವಳು ಮತ್ತೆ ಎಲ್ಲ ಹೊತ್ತುಕೊಳ್ಳುತ್ತಾಳೆ ಅನ್ನುವುದು ಒಂದು. ನಮ್ಮ ಕೈಲಿ ಆಗುತ್ತದೆ ಅನ್ನುವ ಹಮ್ಮು ಇನ್ನೊಂದು. ನಾನು ಮತ್ತೆ ಕೈಗೆ ಬಟ್ಟೆ ಸುತ್ತತೊಡಗಿದೆ. ಸೇವಂತಿ "ಯಾಕಮ್ಮ?" ಅಂದಳು. "ಸ್ವಲ್ಪ ದಿನ ಕಂದ" ಅಂದೆ. ಅವಳಿಗೆ ಆಗ ಎಂಟು ವರ್ಷ. ಸುತ್ತುವ ಬಟ್ಟೆಯನ್ನೇ ನೋಡುತ್ತಾ ನಿಂತಳು.

ಮನೆಗೆ ಬಂದು, ಕೈಕಾಲು ತೊಳೆದು, ಒಲೆ ಹಚ್ಚುವ ಮೊದಲು ಐದು ನಿಮಿಷ ಗೋಡೆಗೆ ಒರಗಿದರೆ ಸಾಕು, ನನಗೆ ಹಾಯೆನಿಸುತ್ತಿತ್ತು. ಎದ್ದು ಚಟಪಟ ಅಡುಗೆ ಮಾಡುತ್ತಿದ್ದೆ. ಬಟ್ಟೆಮನೆಯಲ್ಲಿ ಅದನ್ನು ಹೇಳಿಕೊಂಡೂ ಇದ್ದೆ. "ನನಗೇನಪ್ಪ, ಐದು ನಿಮಿಷ ಒರಗಿದ್ರೆ ಎಲ್ಲ ಇಳಿದುಹೋಗತ್ತೆ." ಶಾಲೆಯಿಂದ ಮೇಡಂ ಒಂದು ಚೀಟಿ ಕಳಿಸಿದರು, ಸೇವಂತಿ ತರಗತಿಯಲ್ಲಿ ನಿದ್ದೆ ಮಾಡುತ್ತಾಳೆ ಅಂತ. ಬೇಗ ಮಲಗು ಅಂತ ಅವಳಿಗೆ ಬುದ್ಧಿ ಹೇಳಿದೆ. ಎಂಥ ತಾಯಿ ನಾನು!

ಒಂದು ಸೋಮವಾರ ಸಂಜೆ ಒರಗಿದವಳಿಗೆ ಯಾಕೋ ನಡುವೆ ಎಚ್ಚರವಾಯಿತು. ನನ್ನ ಬಲಗೈಗೆ ಸುತ್ತಿದ ಬಟ್ಟೆ ಬಿಚ್ಚಿ ನೀಟಾಗಿ ಮಡಚಿ ಪಕ್ಕದಲ್ಲಿ ಇಟ್ಟಿತ್ತು. ಬಕೆಟ್ಟು ಕವುಚಿ ಹಾಕಿ ಅದರ ಮೇಲೆ ಸೇವಂತಿ ಕೂತಿದ್ದಳು. ಅವಳ ಅಂಗೈ ನನ್ನ ಅಂಗೈ ಒಳಗಿತ್ತು. ಕೂತಲ್ಲೇ ಗೋಡೆಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು.

ಕೈ ಕಿತ್ತುಕೊಂಡೆ. ಎಬ್ಬಿಸಿದೆ. ನೀರು ಚಿಮುಕಿಸಿದೆ. ಕಣ್ಣು ಅರ್ಧ ತೆರೆದು, "ತುಳಸಕ್ಕ ತಗೊಳ್ತಾರಲ್ಲ ಅಮ್ಮ, ಹಂಗೇ" ಅಂದಳು. ಆಮೇಲೆ ಏಳಲಿಲ್ಲ. ಬೆಳಿಗ್ಗೆ ಹಾಲು ಬಾಯಿಗೆ ಹಿಡಿದರೂ ನುಂಗಲಿಲ್ಲ, ತುಟಿಯ ಬದಿಯಿಂದ ಇಳಿದುಹೋಯಿತು. ಕಟ್ಟೆಯ ಮೇಲೆ ಕೂರುವ ಆ ಮಗುವೇ ನನ್ನ ಕಣ್ಣ ಮುಂದೆ ಬರುತ್ತಿತ್ತು. ಅವಳ ಕೈ ಹಿಡಿಯಲೂ ಆರೆ, ಹಿಡಿದರೆ ಇನ್ನೂ ಹೋಗುತ್ತದೆ. ಮಣಿಕಟ್ಟು ಹಿಡಿದುಕೊಂಡು ಕೂತೆ.

ಕೆಲಸಕ್ಕೆ ಬರಲಿಲ್ಲ ಅಂತ ತುಳಸಕ್ಕನೇ ನೋಡಲು ಬಂದಳು, ಜೊತೆಗೆ ಹೊಂಬಾಳಮ್ಮ. ಮಗುವನ್ನು ನೋಡಿದವಳೇ ತುಳಸಕ್ಕ ಕೂತು ಅದರ ಅಂಗೈಗೆ ತನ್ನ ಅಂಗೈ ಇಟ್ಟಳು. ಬಹಳ ಹೊತ್ತು ಹಾಗೇ ಇದ್ದಳು. ಅವಳ ಭುಜ ಮೆಲ್ಲಗೆ ಕೆಳಗಿಳಿಯುವುದು ಕಾಣುತ್ತಿತ್ತು. ಆಮೇಲೆ ಕೈ ತೆಗೆದು ಗೋಡೆಗೆ ಒರಗಿದಳು.

"ಇದು ಮಗೂದಲ್ಲ. ಹಂಡೆ ಮುಂದೆ ನಿಂತ ದಣಿವು ಇದು. ನೆನೆದ ಬಟ್ಟೆ ತಾರಸಿಗೆ ಹೊತ್ತಿದ್ದು. ಎರಡು ತಿಂಗಳದ್ದು" ಅಂದಳು. "ಕಮಲಾಕ್ಷಿ, ನಿನ್ನ ಕೈಯಲ್ಲಿ ನನಗೆ ದಿನಾ ಸಿಗ್ತಿದ್ದದ್ದು ಇಷ್ಟೇ ಇಷ್ಟು. ಇದು ಎಲ್ಲಿಂದ ಬಂತು?"

ಹೊಂಬಾಳಮ್ಮ ಅವಳ ಬೆನ್ನ ಹಿಂದೆ ನಿಂತು ನನ್ನ ಕಡೆ ನೋಡಿ ಬೇಡ ಬೇಡ ಅಂತ ತಲೆಯಾಡಿಸುತ್ತಿದ್ದಳು. ಆ ತಲೆಯಾಡಿಸುವಿಕೆಯಲ್ಲಿ ಕೆಟ್ಟದ್ದು ಏನೂ ಇರಲಿಲ್ಲ, ಪ್ರೀತಿಯೇ ಇತ್ತು. ನನ್ನ ಮುಂದೆ ನನ್ನ ಮಗು ಮಲಗಿತ್ತು. ನಾನು ಹೇಳಿಬಿಟ್ಟೆ. ಗಂಜಿ, ಇಸ್ತ್ರಿಯ ಬಿಸಿ, ಕಿರುಬೆರಳಿನ ಬುಡ, ಎಲ್ಲ.

ತುಳಸಕ್ಕ ಬಯ್ಯುತ್ತಾಳೆ ಅಂದುಕೊಂಡಿದ್ದೆ. ಅವಳು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. "ಈ ಕೈ ನಂಬ್ಕೊಂಡು ಹೊಸ ಕಟ್ಟಡದ ಬಟ್ಟೆ ಒಪ್ಕೊಂಡೆನಲ್ಲೇ" ಅಂದಳು. "ಯಾರ ಮೈ ಮೇಲೆ ಒಪ್ಕೊಂಡೆ ನಾನು?"

"ನೀನು ಸಾಯ್ತಿದ್ದೆ. ನೋಡ್ಕೊಂಡು ಸುಮ್ಮನಿರ್ಬೇಕಿತ್ತಾ?" ಹೊಂಬಾಳಮ್ಮನಿಗೆ ಅಳು ಬಂದಿತ್ತು, ಅದಕ್ಕೇ ಜೋರು ಮಾಡಿದಳು. "ಮಂಡಿ ನೋವು ಅಂತೆ, ಮಂಡಿ ನೋವು! ನಮಗೆ ಕಣ್ಣಿಲ್ವಾ?"

ತುಳಸಕ್ಕ ಮಗುವಿನ ಹಣೆಯ ಕೂದಲು ಸರಿಸಿದಳು. "ಹೌದು. ಸುಳ್ಳು ಶುರು ಮಾಡಿದ್ದು ನಾನೇ. ನೀವು ನನ್ನ ನೋಡಿ ಕಲಿತ್ರಿ, ಈ ಮಗೂನೂ ನನ್ನೇ ನೋಡಿ ಕಲೀತು" ಅಂದಳು. ಎದ್ದು ನಿಂತಳು, ಗೋಡೆ ಹಿಡಿದುಕೊಂಡೇ. "ಅರ್ಧ ನಂಗೆ ಬಂತು. ಇನ್ನರ್ಧ ಒಳಗಿದೆ. ಇನ್ನು ನನ್ನ ಕೈಯಿಂದ ಆಗಲ್ಲ. ಹಗುರವಾದ ಕೈಗಳು ಬೇಕು."

"ಹಗುರವಾದ ಕೈ ಎಲ್ಲಿವೆ ನಮ್ಮಲ್ಲಿ? ಬೀದಿಯವರನ್ನ ಕೇಳಿದ್ರೆ ಬಾಗಿಲು ಹಾಕ್ಕೋತಾರೆ" ಅಂದಳು ಹೊಂಬಾಳಮ್ಮ.

"ಬೀದಿಯವರ್ದಲ್ಲ ಇದು. ನಮ್ಮ ಬಟ್ಟೆಮನೇದು, ನಾವೇ ತೆಗೀಬೇಕು. ಕಮಲಾಕ್ಷಿ, ಮಗೂನ ಎತ್ಕೊ."

ಬೆಳಿಗ್ಗೆ ಹತ್ತು ಗಂಟೆ ಇರಬಹುದು. ತುಳಸಕ್ಕ ಬಟ್ಟೆಮನೆಗೆ ಬಂದವಳೇ ಹಂಡೆಯ ಒಲೆಗಳಿಗೆ ನೀರು ಸುರಿದಳು. ಬುಸ್ಸೆಂದು ಹೊಗೆ ಎದ್ದಿತು. ಎಲ್ಲರೂ ಗಾಬರಿಯಾಗಿ ಬಂದರು. "ಮೊದಲು ಕೈ ತೊಳೀರಿ" ಅಂದಳು. ಬಿಸಿನೀರಿನಲ್ಲಿ ಕೈಗೆರೆಗಳಲ್ಲಿ ಉಳಿದಿದ್ದ ಗಂಜಿ ಬಿಟ್ಟು ಬಿಳಿ ಬಿಳಿಯಾಗಿ ಮೋರಿಗೆ ಹರಿಯಿತು. ಯಾರೂ ತಲೆ ಎತ್ತಲಿಲ್ಲ. "ಈಗ ಮಲಗಿ" ಅಂದಳು.

"ಮಲಗೋದಾ? ಆಸ್ಪತ್ರೆ ಗಾಡಿ ಹನ್ನೆರಡಕ್ಕೆ ಬರತ್ತೆ!" ಅಂದಳು ಶಾರದಿ.

"ಬರ್ಲಿ. ಗಾಡಿಗೆ ನಾನಿದೀನಿ. ಮಲಗಿ ಅಂದ್ರೆ ಮಲಗ್ರೇ."

ಒಗೆದು ಒಣಗಿಸಿ ಮಡಚದೆ ಇಟ್ಟ ಬೆಡ್‌ಶೀಟುಗಳು ಗುಡ್ಡೆಗುಡ್ಡೆ ಇದ್ದವು. ಅವನ್ನೇ ಹಾಸಿಕೊಂಡು ಮಲಗಿದೆವು. ಅಷ್ಟು ವರ್ಷ ಒಗೆದಿದ್ದೆವು, ಅವುಗಳ ಮೇಲೆ ಮಲಗಿದ್ದು ಅದೇ ಮೊದಲು. ನನ್ನ ಪಕ್ಕದಲ್ಲಿ ಸೇವಂತಿ. ನಿದ್ದೆ ಬರುವುದಿಲ್ಲ ಅಂದುಕೊಂಡಿದ್ದೆ. ಅಷ್ಟರಲ್ಲಿ ಬಂದಿತ್ತು.

ಸಾಹುಕಾರರ ದನಿಗೆ ಅರೆ ಎಚ್ಚರವಾಯಿತು. ಕಣ್ಣು ತೆರೆಯದೆ ಕೇಳಿಸಿಕೊಂಡೆ. "ಏನಿದು ತುಳಸಮ್ಮ, ಗಾಡಿ ಖಾಲಿ ಹೋಯ್ತಂತೆ? ಇವರೆಲ್ಲ ಸತ್ತಿದಾರೋ ಬದುಕಿದಾರೋ?"

"ತಪ್ಪು ನಂದು ಬುದ್ಧಿ. ಆಗದೆ ಇರೋಷ್ಟು ಕೆಲಸ ಒಪ್ಕೊಂಡೆ. ಹೊಸ ಕಟ್ಟಡದ ಬಟ್ಟೆ ಇನ್ನೂ ನಾಲ್ಕು ಜನ ಬರೋವರೆಗೆ ಬೇಡ. ಆಸ್ಪತ್ರೆಗೆ ನಾನೇ ಹೋಗಿ ಹೇಳ್ತೀನಿ, ಬೈಸ್ಕೋತೀನಿ. ಇವರನ್ನ ಏನೂ ಅನ್ಬೇಡಿ. ನಂಬಿಕೆ ಬರ್ಲಿಲ್ಲ ಅಂದ್ರೆ, ಎಲ್ಲಿ, ಒಂದು ಸಲ ಕೈ..."

"ಬೇಡಮ್ಮ, ಬೇಡ!" ಸಾಹುಕಾರರ ಚಪ್ಪಲಿ ಎರಡು ಹೆಜ್ಜೆ ಹಿಂದಕ್ಕೆ ಸರಿದ ಸದ್ದಾಯಿತು. "ಮಲಗ್ಲಿ, ಮಲಗ್ಲಿ. ನಾಲ್ಕು ಜನ ತಾನೇ? ನೋಡೋಣ. ಅಲ್ಲ, ಆಯ್ತು."

ಅವರು ಹೋದ ಮೇಲೆ ಹೊಂಬಾಳಮ್ಮನ ಪಿಸುಮಾತು ಕೇಳಿಸಿತು. "ಸಾಕು, ಬಂದು ಬಿದ್ಕೊ. ನಂದೊಂದು ನಿದ್ದೆ ಆಯ್ತು. ಬಾಗಿಲು ಕಾಯೋಕೂ ಈ ಊರಲ್ಲಿ ನೀನೊಬ್ಳೇನಾ ಇರೋದು?" ಆಮೇಲೆ ತೊಟ್ಟಿ ಎಳೆದ ಸದ್ದು, ಭಾರವಾದ ಮೈಯೊಂದು ಬಟ್ಟೆಯ ಮೇಲೆ ಉರುಳಿದ ಸದ್ದು. ತುಳಸಕ್ಕ ಗೊರಕೆ ಹೊಡೆಯುತ್ತಾಳೆ ಅಂತ ನಮಗೆಲ್ಲ ಗೊತ್ತಾಗಿದ್ದು ಆ ದಿನ.

ಬಿಸಿಲು ತಾರಸಿಯಿಂದ ಇಳಿಯುವ ಹೊತ್ತಿಗೆ ಒಬ್ಬೊಬ್ಬರೇ ಎದ್ದು ಮುಖ ತೊಳೆದರು. ಯಾರೂ ಹೇಳದೆ ಸಾಲು ನಿಂತಿತು, ಈ ಸಲ ನನ್ನ ಮಗಳ ಮುಂದೆ. ಒಬ್ಬೊಬ್ಬರು ಬಂದು ಅವಳ ಪುಟ್ಟ ಕೈಗೆ ಕೈ ಇಟ್ಟು, ತಮ್ಮ ಪಾಲು ತೆಗೆದುಕೊಂಡು, ಸೊಂಟ ಹಿಡಿದುಕೊಂಡು ಏಳುತ್ತಿದ್ದರು. "ಕಮಲಾಕ್ಷಿ, ಇದು ನಿನ್ನ ದಣಿವೇನೇ? ಎಷ್ಟು ಕೆಲಸ ಕದ್ದಿದೀಯ, ಏನೂ ಭಾರಾನೇ ಇಲ್ಲ" ಅಂತ ಹೊಂಬಾಳಮ್ಮ ಅಂದಳು, ಕಣ್ಣು ಒರೆಸಿಕೊಳ್ಳುತ್ತಾ. ಕೊನೆಯಲ್ಲಿ ತುಳಸಕ್ಕ ನನ್ನನ್ನು ಮುಂದೆ ತಳ್ಳಿದಳು. ನಾನು ಕೈ ಇಟ್ಟೆ. ನನ್ನದೇ ದಣಿವು ನನ್ನ ಕಡೆಗೆ ವಾಪಸು ಹರಿದು ಬಂತು. ಯಾವ ದಣಿವೂ ನನಗೆ ಅಷ್ಟು ಹಿತವಾಗಿ ಕಂಡಿದ್ದಿಲ್ಲ.

ಸೇವಂತಿ ಕಣ್ಣು ಬಿಟ್ಟಳು. ಸುತ್ತ ನಿಂತ ಅಷ್ಟೂ ಜನರನ್ನು ನೋಡಿದಳು. ತನ್ನ ಕೈ ಹಿಡಿದ ನನ್ನ ಬರಿಗೈ ನೋಡಿದಳು.

"ಅಮ್ಮ, ಇವತ್ತು ಭಾನುವಾರವಾ?"

"ಮಂಗಳವಾರ ಕಣೇ" ಅಂದಳು ಹೊಂಬಾಳಮ್ಮ. "ಮಂಗಳವಾರ ಹಾಡಹಗಲು ಮಲಗಿ ಎದ್ದಿರೋ ಸೋಮಾರಿಗಳು ನಾವು."

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅವಳು ಎದ್ದು ನಡೆದದ್ದು ಮುದುಕಿಯ ಹಾಗೆ. ಹೊಸಿಲು ದಾಟುವಾಗ ಬಾಗಿಲು ಹಿಡಿದುಕೊಂಡಳು. ಎರಡು ವಾರ ಹಾಗೇ ಇದ್ದಳು. ಶಾಲೆ ಬಿಟ್ಟ ಮೇಲೆ ಬಟ್ಟೆಮನೆಗೆ ಬಂದು ಒಂದು ಮೂಲೆಯಲ್ಲಿ ಕೂರುತ್ತಿದ್ದಳು. ಹೇಗಿದೀಯ ಅಂತ ನಾನು ಅವಳನ್ನು ಕೇಳುತ್ತಿರಲಿಲ್ಲ, ಆದರೆ ಇಸ್ತ್ರಿ ಮಾಡುತ್ತಾ ನನ್ನ ಕಿವಿ ಪೂರಾ ಅವಳ ಪಾದಗಳ ಕಡೆಗೇ ಇರುತ್ತಿತ್ತು. ಬಟ್ಟೆಮನೆಯಲ್ಲಿ ಎಲ್ಲರ ಕಿವಿಯೂ ಅಲ್ಲೇ ಇತ್ತು.

ಅಷ್ಟರಲ್ಲಿ ಕೆಲವು ಬದಲಾಗಿದ್ದವು. ಹೊಸಬರು ನಾಲ್ಕು ಜನ ಬಂದರು. ಮರದ ತೊಟ್ಟಿಯ ಮೇಲೆ ಈಗ ದಿನಕ್ಕೊಬ್ಬರು ಕೂರುತ್ತೇವೆ, ಕೂರುವವಳಿಗೆ ಆ ದಿನ ಹಗುರದ ಕೆಲಸ. ತುಳಸಕ್ಕನೂ ನಮ್ಮ ಹಾಗೆ ಸಾಲಿನಲ್ಲಿ ನಿಂತು ಕೈ ಕೊಡುತ್ತಾಳೆ. ಮೊದಲ ಸಲ ನನ್ನ ಸರದಿ ಬಂದಾಗ ಅವಳ ಅಂಗೈ ನನ್ನ ಅಂಗೈಗೆ ಬಂತು. ಇಷ್ಟನ್ನು ಹೊತ್ತುಕೊಂಡು ಇವಳು ನಗುತ್ತಿದ್ದಳಲ್ಲ ಅಂತ ತಲೆ ಎತ್ತಿ ನೋಡಿದೆ. ಅವಳು ಬೇರೆ ಕಡೆ ನೋಡುತ್ತಿದ್ದಳು, ಕದ್ದು ಸಿಕ್ಕಿಬಿದ್ದವಳ ಹಾಗೆ.

ಒಂದು ಶುಕ್ರವಾರ ಸಂಜೆ, ಗಂಟೆ ಹೊಡೆಯಲು ಸ್ವಲ್ಪ ಹೊತ್ತಿತ್ತು. ತಾರಸಿಯ ಮೇಲೆ ದಬದಬ ಅಂತ ಸದ್ದಾಯಿತು. ಎಲ್ಲರ ಕೈಯೂ ನಿಂತಿತು. ಮತ್ತೆ ದಬದಬ, ಈ ತುದಿಯಿಂದ ಆ ತುದಿಗೆ. ನಾನು ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಮೆಟ್ಟಿಲು ಹತ್ತಿದೆ, ಹಿಂದೆ ಎಲ್ಲರೂ. ಸೇವಂತಿ ಒಣಹಾಕಿದ ಬೆಡ್‌ಶೀಟುಗಳ ನಡುವೆ ಓಡುತ್ತಿದ್ದಳು. ಗಾಳಿಗೆ ಉಬ್ಬಿದ್ದನ್ನು ಎರಡೂ ಕೈಯಲ್ಲಿ ಬಡಿದು ಮುಂದಕ್ಕೆ ಓಡುತ್ತಿದ್ದಳು. ಕಾಲುವೆಯ ಕೆಸರಿನಲ್ಲಿ ಆಡಿ ಬಂದ ಕೈ. ಬಿಳಿ ಬಟ್ಟೆಯ ತುಂಬ ಪುಟ್ಟ ಪುಟ್ಟ ಅಂಗೈಗಳು ಮೂಡಿದ್ದವು.

"ಅಯ್ಯೋ ನಿನ್ನ, ಒಗೆದ ಬಟ್ಟೆ ಕಣೇ ಅದು!" ಹೊಂಬಾಳಮ್ಮ ಕೂಗಿದಳು. ಹೋಗಿ ಹಿಡಿಯಲಿಲ್ಲ. ನಮ್ಮಲ್ಲಿ ಯಾರೂ ಅವಳನ್ನು ಹಿಡಿಯಲು ಹೋಗಲಿಲ್ಲ.

ತುಳಸಕ್ಕ ಸೊಂಟದ ಮೇಲೆ ಕೈಯಿಟ್ಟು ಬೆಡ್‌ಶೀಟು ನೋಡಿದಳು. "ಇದನ್ನ ಮತ್ತೆ ಕುದಿಸ್ಬೇಕು. ಯಾರು ಹಾಕ್ತೀರಿ?"

ಹಿಂದೆ ಆಗಿದ್ದರೆ ಹೊಂಬಾಳಮ್ಮ ಎಲ್ಲರಿಗಿಂತ ಮುಂಚೆ "ನಾನು" ಅನ್ನುತ್ತಿದ್ದಳು. ಅವಳು ತಾರಸಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. "ನನ್ನ ಕೈಲಿ ಆಗಲ್ಲಮ್ಮ. ಇವತ್ತು ದಣಿದುಹೋಗಿದೀನಿ" ಅಂದಳು.

ತುಳಸಕ್ಕ ಅವಳನ್ನೇ ನೋಡಿದಳು. ಹೋಗಿ ಪಕ್ಕದಲ್ಲಿ ಕೂತಳು. "ನಂಗೂ ಅಷ್ಟೇ ಕಣೆ" ಅಂದಳು.

ಆ ಬೆಡ್‌ಶೀಟು ಮರುದಿನದವರೆಗೂ ಅಲ್ಲೇ ತೂಗುತ್ತಿತ್ತು.